ಮಾರುತಿಯ ಸೊಂಟಕ್ಕೆ ನೀರು

‘ನದಿ ಉಳಿಸಿ’ ಎಂದು ಮಕ್ಕಳ ಕೈಯಲ್ಲಿ ಪೋಸ್ಟರ್ ಬರೆಸುವ ಮೊದಲು ಅವರನ್ನು ನದಿಯ ಹತ್ತಿರ ಕರೆದೊಯ್ಯಿರಿ. ನಾಸಿಕದ ಪಂಚವಟಿಯ ಬಳಿ, ಗೋದಾವರಿಯ ಘಾಟಿನಲ್ಲಿ, ಎರಡು ಮುಖದ ‘ದುತೋಂಡ್ಯಾ ಮಾರುತಿ’ಯ ಎತ್ತರದ ವಿಗ್ರಹವಿದೆ. ಗಂಗಾಪುರ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಊರಿನವರಿಗೆ ಕ್ಯೂಸೆಕ್ ಲೆಕ್ಕ ಬೇಕಿಲ್ಲ. ಮಾರುತಿಯ ಮೊಣಕಾಲಿಗೆ ಬಂತೋ, ಸೊಂಟಕ್ಕೋ, ಕೊರಳಿಗೋ ಎಂದೇ ಕೇಳುತ್ತಾರೆ.

ಮಕ್ಕಳು ಆ ಮಾರುತಿಯ ಚಿತ್ರ ಬರೆಯಲಿ. ಅಜ್ಜಿಯರನ್ನು, ಘಾಟಿನ ಹೂವಿನವರನ್ನು ವಿಚಾರಿಸಿ 2008, 2016, 2019ರ ನೆರೆಗೆ ಒಂದೊಂದು ಬಣ್ಣದ ಗೆರೆ ಎಳೆಯಲಿ. ಇಬ್ಬರ ಮಾತು ತಾಳೆಯಾಗದಿದ್ದರೆ ವಾದ ಮಾಡಲಿ ಬಿಡಿ, ಅದೂ ಕಲಿಕೆಯೇ. ವಿಜ್ಞಾನ ಆಮೇಲೆ: ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆಗ ಮಳೆ ಸುರಿದರೆ ಧೋ ಎಂದೇ ಸುರಿಯುತ್ತದೆ. ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. ಘಾಟಿನ ಬಳಿಯೇ ಇರುವ ರಾಮಕುಂಡದ ಸುತ್ತ ನದಿಯ ತಳಕ್ಕೆ ಹಾಕಿದ ಕಾಂಕ್ರೀಟೂ ಚಿತ್ರದಲ್ಲಿ ಬರಲಿ.

ನಿಮ್ಮೂರಲ್ಲಿ ಮಾರುತಿ ಇಲ್ಲವೇ? ಸೇತುವೆಯ ಕಂಬ ಸಾಕು. ನಂಜನಗೂಡಿನವರಿಗಂತೂ ಕಪಿಲೆಯ ದಡದ ಹದಿನಾರು ಕಾಲು ಮಂಟಪವಿದೆ. ಒಂದೇ ಎಚ್ಚರ: ಮಳೆಗಾಲದಲ್ಲಿ ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ, ಬೇಸಿಗೆಯಲ್ಲಿ ಹೋಗಿ.