ಹಿತ್ತಲಿನ ಹಿಕ್ಕೆ ಯಾವ ಪ್ರಾಣಿಯದು? ಹೈನುಗಾರರಿಗೊಂದು ಪಾಠ



ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆಗೆ ಹೋಗುತ್ತೀರಿ. ಗೋದಲಿಯ ಪಕ್ಕದಲ್ಲಿ, ಹಿಂಡಿ ಚೀಲದ ಮೇಲೆ ಅಥವಾ ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ ಕಪ್ಪನೆಯ ಹಿಕ್ಕೆ ಬಿದ್ದಿರುತ್ತದೆ. ಸಾಮಾನ್ಯವಾಗಿ ನಾವು ಅದನ್ನು ಪೊರಕೆಯಿಂದ ಗುಡಿಸಿ ತಿಪ್ಪೆಗೆ ಹಾಕಿ ಮರೆತುಬಿಡುತ್ತೇವೆ. ಆದರೆ ರಾತ್ರಿ ನಿಮ್ಮ ಕೊಟ್ಟಿಗೆಗೆ ಯಾರು ಬಂದು ಹೋದರು ಎಂಬುದನ್ನು ತಿಳಿಸುವುದು ಆ ಹಿಕ್ಕೆಯೇ. ಬಂದವರಲ್ಲಿ ಕೆಲವರು ರಾಸಿಗೂ ಮನೆಯವರಿಗೂ ರೋಗ ತರುವವರು. ಇನ್ನು ಕೆಲವರು ಹುಳು ಹುಪ್ಪಟೆ ತಿಂದು ಉಪಕಾರ ಮಾಡಿ ಹೋಗುವವರು. ಇಬ್ಬರನ್ನೂ ಒಂದೇ ಎಂದು ತಿಳಿದು ವಿಷ ಇಟ್ಟರೆ ನಷ್ಟ ನಮಗೇ. ಆದ್ದರಿಂದ ಹಿಕ್ಕೆಯನ್ನು ಗುರುತಿಸುವ ಕ್ರಮವನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಂದು ಕಡ್ಡಿ ತೆಗೆದುಕೊಂಡು ನೋಡಿ.

1. ಎಷ್ಟು ದೊಡ್ಡದು? ಅಕ್ಕಿಕಾಳಿನಷ್ಟೋ, ಕಡಲೆಯಷ್ಟೋ, ಖರ್ಜೂರದ ಬೀಜದಷ್ಟೋ, ಕಿರುಬೆರಳಿನಷ್ಟೋ?

2. ಎಲ್ಲಿ, ಎಷ್ಟು ಬಿದ್ದಿದೆ? ಗೋಡೆಯಂಚಿಗೆ ಸಾಲಾಗಿ ಹತ್ತಾರು ಇವೆಯೋ, ಬಯಲಿನಲ್ಲಿ ಒಂದೆರಡು ಮಾತ್ರ ಇವೆಯೋ?

3. ಕಡ್ಡಿಯಿಂದ ಒಡೆದರೆ ಒಳಗೇನಿದೆ? ಹಿಟ್ಟಿನಂತಹ ಪುಡಿಯೋ, ನಾರೋ, ಬೀಜವೋ, ಕೂದಲು ಮೂಳೆಯೋ, ಮಿನುಗುವ ಹುಳುವಿನ ರೆಕ್ಕೆ ಚೂರೋ?

4. ಹೊಸದೋ, ಹಳೆಯದೋ? ಹೊಸ ಹಿಕ್ಕೆ ಮೆತ್ತಗಿದ್ದು ಹೊಳೆಯುತ್ತದೆ. ಹಳೆಯದು ಬಣ್ಣಗೆಟ್ಟು ಒಣಗಿ ಪುಡಿಯಾಗುತ್ತದೆ.

ಈ ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಹೆಚ್ಚಿನ ಪಾಲು ಪ್ರಾಣಿಯ ಗುರುತು ಸಿಕ್ಕಿದಂತೆಯೇ.

ಇಲಿ, ಹೆಗ್ಗಣ ಮತ್ತು ಸುಂಡಿಲಿ

ಚಿಟ್ಟಿಲಿಯ ಹಿಕ್ಕೆ 3ರಿಂದ 6 ಮಿಲಿಮೀಟರ್ ಉದ್ದ, ಅಂದರೆ ಅಕ್ಕಿಕಾಳಿನಷ್ಟು. ಮನೆ ಇಲಿಯದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು; ಎರಡೂ ತುದಿ ಚೂಪಾಗಿ ಸ್ವಲ್ಪ ಬಾಗಿರುತ್ತದೆ. ಹೆಗ್ಗಣದ್ದು ಇನ್ನೂ ದಪ್ಪ, ಸುಮಾರು 2 ಸೆಂಟಿಮೀಟರ್. ಇವೆಲ್ಲವೂ ಗೋಡೆಯಂಚಿನಲ್ಲಿ, ಚೀಲಗಳ ಸಂದಿಯಲ್ಲಿ, ಬಣವೆಯ ಬುಡದಲ್ಲಿ ಬಹಳಷ್ಟು ಬಿದ್ದಿರುತ್ತವೆ. ಒಂದು ಇಲಿ ದಿನಕ್ಕೆ ಸುಮಾರು 40 ಹಿಕ್ಕೆ ಹಾಕುತ್ತದೆ. ಒಡೆದರೆ ಒಳಗೆ ಕಾಳು, ಹಿಂಡಿ ಜೀರ್ಣವಾದ ಪುಡಿ ಕಾಣುತ್ತದೆ.

ಸುಂಡಿಲಿ ಹೆಸರಿಗೆ ಮಾತ್ರ ಇಲಿ. ಉದ್ದ ಮೂತಿ, ಚಿಕ್ ಚಿಕ್ ಎಂಬ ಕೂಗು, ಕೆಟ್ಟ ವಾಸನೆಯ ಈ ಪ್ರಾಣಿ ಜಿರಲೆ ಮತ್ತು ಹುಳುಗಳನ್ನು ತಿನ್ನುತ್ತದೆ. ಇದರ ಹಿಕ್ಕೆ ಮೂಲೆಯಲ್ಲಿ ಮೆತ್ತಗೆ ಅಂಟಿದಂತೆ ಬಿದ್ದಿದ್ದು ವಾಸನೆ ಹೊಡೆಯುತ್ತದೆ. ಹುಳು ತಿನ್ನುವುದಾದರೂ ಇದನ್ನು ಮೇವಿನ ಕೋಣೆಯಲ್ಲಿ ಬಿಟ್ಟುಕೊಳ್ಳುವಂತಿಲ್ಲ. ಇದೂ ರೋಗಾಣು ಹೊರಬಲ್ಲದು.

ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಅದು ಹಲ್ಲಿಯದು. ಇಲಿಯದೆಂದು ಗಾಬರಿ ಬೀಳಬೇಡಿ. ಆದರೆ ಹಾಲಿನ ಕ್ಯಾನಿನ ಮೇಲಿದ್ದರೆ ಕ್ಯಾನನ್ನು ತೊಳೆಯಲೇಬೇಕು.

ಮುಳ್ಳುಹಂದಿಯೋ, ಮುಳ್ಳಿಲಿಯೋ?

ನಮ್ಮಲ್ಲಿ ಮುಳ್ಳುಹಂದಿ ಎಂಬ ಒಂದೇ ಹೆಸರನ್ನು ಎರಡು ಬೇರೆ ಪ್ರಾಣಿಗಳಿಗೆ ಬಳಸುವುದುಂಟು. ಒಂದು, ಗೇಣುದ್ದದ ಕಪ್ಪು ಬಿಳಿ ಮುಳ್ಳುಗಳಿರುವ ದೊಡ್ಡ ಪ್ರಾಣಿ. ಕುರುಗೋಡಿನಂತಹ ಕಲ್ಲುಗುಡ್ಡಗಳ ಬಂಡೆ ಸಂದಿ, ಬಿಲಗಳು ಇದಕ್ಕೆ ಹೇಳಿಸಿದ ತಾಣ. ಇದು ಬೇರು, ಗೆಡ್ಡೆ, ತೊಗಟೆ, ಬೆಳೆ ತಿನ್ನುತ್ತದೆ. ಇದರ ಹಿಕ್ಕೆ ಖರ್ಜೂರದ ಬೀಜದ ಆಕಾರದಲ್ಲಿದ್ದು ಒಂದೇ ಕಡೆ ರಾಶಿಯಾಗಿ ಬಿದ್ದಿರುತ್ತದೆ. ಒಡೆದರೆ ಬರೀ ನಾರು. ಇದು ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂಬುದು ಸುಳ್ಳು. ಹಿಂದಕ್ಕೆ ಸರಿದು ಚುಚ್ಚಿದಾಗ ಮುಳ್ಳು ಕಳಚಿಕೊಳ್ಳುತ್ತದೆ, ಅಷ್ಟೆ.

ಇನ್ನೊಂದು, ಬೊಗಸೆಯಲ್ಲಿ ಹಿಡಿಸುವಷ್ಟು ಸಣ್ಣದು. ಗಿಡ್ಡ ಮುಳ್ಳು, ಚೂಪು ಮೂತಿ. ಮುಟ್ಟಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ತಮಿಳಿನಲ್ಲಿ ಇದನ್ನು ಮುಳ್ಳೆಲಿ ಎನ್ನುತ್ತಾರೆ. ನಾವು ಮುಳ್ಳಿಲಿ ಎನ್ನೋಣ. ದಕ್ಷಿಣ ಭಾರತದ ಜಾತಿಯು ತಮಿಳುನಾಡು, ಆಂಧ್ರ ಪ್ರದೇಶಗಳ ಒಣ ಬಯಲು ಕುರುಚಲುಗಳಲ್ಲಿ ಕಂಡುಬಂದಿದೆ. ಇಂಗ್ಲೆಂಡಿನಲ್ಲಿ ಇದರ ದೊಡ್ಡ ಸಂಬಂಧಿಯೊಂದು ಮನೆಯ ಕೈತೋಟಗಳಿಗೇ ಬರುತ್ತದೆ. ಅದರ ಹಿಕ್ಕೆ ಒಂದೂವರೆಯಿಂದ 5 ಸೆಂಟಿಮೀಟರ್ ಉದ್ದ, ಕಡು ಕಂದು ಅಥವಾ ಕಪ್ಪು ಬಣ್ಣ; ಒಳಗೆ ಜೀರುಂಡೆಯ ರೆಕ್ಕೆ ಚೂರುಗಳು ಮಿನುಗುತ್ತವೆ. ನಮ್ಮ ಕಡೆಯ ಜಾತಿ ಗಾತ್ರದಲ್ಲಿ ಚಿಕ್ಕದಾದ್ದರಿಂದ ಹಿಕ್ಕೆಯೂ ಚಿಕ್ಕದೇ. ಇಲಿಯಂತೆ ಸಾಲಾಗಿ ಅಲ್ಲ, ಒಂದೊಂದೇ ಬಿದ್ದಿರುತ್ತದೆ.

ಇಲ್ಲೊಂದು ಎಚ್ಚರಿಕೆ. ನಮ್ಮ ಹಿತ್ತಲುಗಳಲ್ಲಿ ಹುಳುವಿನ ಚೂರು ಮಿನುಗುವ ಹಿಕ್ಕೆ ಕಂಡರೆ ಬಹುಪಾಲು ಅದು ನೆಲಗಪ್ಪೆಯದು. ಅಷ್ಟು ಸಣ್ಣ ಪ್ರಾಣಿ 2 ಸೆಂಟಿಮೀಟರಿಗಿಂತ ದೊಡ್ಡ ಹಿಕ್ಕೆ ಹಾಕುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ದೀಪದ ಕೆಳಗೆ, ಬಚ್ಚಲ ನೀರು ಹರಿಯುವಲ್ಲಿ, ನೀರಿನ ತೊಟ್ಟಿಯ ಬಳಿ ಇದು ಸಿಗುತ್ತದೆ. ಒಣಗಿದ ಮೇಲೆ ಹಗುರವಾಗಿದ್ದು ಮುಟ್ಟಿದರೆ ಉದುರುತ್ತದೆ. ಒಳಗೆಲ್ಲ ಇರುವೆ, ದುಂಬಿಗಳ ಚೂರು. ಕಪ್ಪೆಯಾಗಲಿ ಮುಳ್ಳಿಲಿಯಾಗಲಿ ನಿಮ್ಮ ಮೇವನ್ನು ಮುಟ್ಟುವುದಿಲ್ಲ. ಕಂಡರೆ ಹೊಡೆಯಬೇಡಿ.

ಇತರ ಗುರುತುಗಳು

ಮುಂಗುಸಿಯ ಹಿಕ್ಕೆ ತಿರುಚಿದ ಬತ್ತಿಯಂತಿದ್ದು ಒಳಗೆ ಇಲಿಯ ಕೂದಲು, ಮೂಳೆ ಇರುತ್ತದೆ. ಪುನುಗು ಬೆಕ್ಕು ಗೋಡೆಯ ಮೇಲೆ, ಬಂಡೆಯ ಮೇಲೆ ಹಿಕ್ಕೆ ಹಾಕುತ್ತದೆ. ಅದರಲ್ಲಿ ಹಣ್ಣಿನ ಬೀಜಗಳು ಇಡಿಯಾಗಿಯೇ ಕಾಣುತ್ತವೆ. ಮೊಲದ್ದು ಕಡಲೆಗಿಂತ ದೊಡ್ಡ, ಸ್ವಲ್ಪ ಚಪ್ಪಟೆಯಾದ ಗುಂಡು. ಒಳಗೆ ಒಣ ಹುಲ್ಲಿನ ಪುಡಿ. ಕೊಟ್ಟಿಗೆಯ ತೊಲೆಯ ಕೆಳಗೆ ಬೂದು ಬಣ್ಣದ ಕೂದಲಿನ ಉಂಡೆ ಬಿದ್ದು, ಒಳಗೆ ಇಲಿಯ ತಲೆಬುರುಡೆ ಇದ್ದರೆ ಅದು ಹಿಕ್ಕೆಯೇ ಅಲ್ಲ. ಗೂಬೆ ಇಲಿ ನುಂಗಿ, ಜೀರ್ಣವಾಗದ್ದನ್ನು ಬಾಯಿಂದ ಉಗುಳಿದ ಉಂಡೆ. ಅಪಶಕುನವೆಂದು ಗೂಬೆಯನ್ನು ಓಡಿಸಬೇಡಿ. ಸಂಬಳವಿಲ್ಲದೆ ಇಲಿ ಹಿಡಿಯುವ ಆಳು ಅದು.

ಮುಳ್ಳುಹಂದಿ ಮತ್ತು ಮುಂಗುಸಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಕೊಲ್ಲುವುದು ಅಪರಾಧ ಎಂಬುದೂ ನೆನಪಿರಲಿ.

ನಮಗೇಕೆ ಈ ಚಿಂತೆ?

ಮೊದಲು ನಷ್ಟದ ಲೆಕ್ಕ ನೋಡಿ. ಒಂದು ಇಲಿ ದಿನಕ್ಕೆ ಸುಮಾರು 20 ಗ್ರಾಂ ತಿನ್ನುತ್ತದೆ. ಇಪ್ಪತ್ತು ಇಲಿಗಳಿದ್ದರೆ ದಿನಕ್ಕೆ 400 ಗ್ರಾಂ, ತಿಂಗಳಿಗೆ 12 ಕಿಲೋ ಪಶು ಆಹಾರ ಹೋಯಿತು. ತಿಂದದ್ದಕ್ಕಿಂತ ಕೆಡಿಸಿದ್ದು ಹೆಚ್ಚು.

ಎರಡನೆಯದು ರೋಗ. ಲೆಪ್ಟೊಸ್ಪೈರೋಸಿಸ್, ಜನರ ಮಾತಿನಲ್ಲಿ ಇಲಿ ಜ್ವರ. ಇದರ ರೋಗಾಣು ಇರುವುದು ಇಲಿಯ ಮೂತ್ರದಲ್ಲಿ. ಮೂತ್ರ ಕಣ್ಣಿಗೆ ಕಾಣದು, ಹಿಕ್ಕೆ ಕಾಣುತ್ತದೆ. ಹಿಕ್ಕೆ ಬಿದ್ದಲ್ಲಿ ಮೂತ್ರವೂ ಬಿದ್ದಿದೆ ಎಂದೇ ತಿಳಿಯಬೇಕು. ರೋಗಾಣು ತೇವದಲ್ಲಿ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಈ ರೋಗಾಣುವಿನ ಕೆಲವು ಬಗೆಗಳು ದನದಿಂದ ದನಕ್ಕೂ ಹರಡುತ್ತವೆ.

ರಾಸುಗಳಲ್ಲಿ ಕಾಣುವ ಲಕ್ಷಣಗಳು ಇವು: ಜ್ವರ, ಇದ್ದಕ್ಕಿದ್ದಂತೆ ಹಾಲು ಇಳಿಯುವುದು, ನಾಲ್ಕೂ ಮೊಲೆಗಳಲ್ಲಿ ಹಾಲು ಗಿಣ್ಣಿನಂತೆ ದಪ್ಪ ಹಳದಿಯಾಗುವುದು, ಕೆಲವೊಮ್ಮೆ ರಕ್ತ ಬೆರೆಯುವುದು. ಕೆಚ್ಚಲು ಬಾವಿನಲ್ಲಿ ಕೆಚ್ಚಲು ಸಾಮಾನ್ಯವಾಗಿ ಗಟ್ಟಿಯಾಗಿ ಬಿಸಿಯಾದರೆ, ಇಲ್ಲಿ ಅದು ಮೆತ್ತಗೆ ಜೋತುಬಿದ್ದಂತಿರುತ್ತದೆ. ಗಬ್ಬದ ರಾಸು ಕೊನೆಯ ತಿಂಗಳುಗಳಲ್ಲಿ ಕಂದು ಹಾಕಬಹುದು. ಕರುಗಳು ಕೆಂಪು ಮೂತ್ರ ಮಾಡಬಹುದು. ಕಂದು ಹಾಕಲು ಬ್ರುಸೆಲ್ಲೋಸಿಸ್ ಮುಂತಾದ ಬೇರೆ ಕಾರಣಗಳೂ ಇವೆ. ಆದ್ದರಿಂದ ನೀವೇ ತೀರ್ಮಾನಿಸದೆ ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

ಮನುಷ್ಯರಿಗೆ ಇದು ಕೈಕಾಲಿನ ಗಾಯ, ಬಿರುಕುಗಳ ಮೂಲಕ ಸೇರುತ್ತದೆ. ಕೊಟ್ಟಿಗೆ ಬಳಿಯುವವರು ಹೆಚ್ಚಾಗಿ ನಮ್ಮ ಮನೆಯ ಹೆಣ್ಣುಮಕ್ಕಳೇ. ಜ್ವರ, ಮೀನಖಂಡದ ವಿಪರೀತ ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಕಂಡರೆ ತಡಮಾಡಬಾರದು. “ನಾನು ಕೊಟ್ಟಿಗೆಯಲ್ಲಿ, ಭತ್ತದ ಗದ್ದೆಯಲ್ಲಿ ಕೆಲಸ ಮಾಡುತ್ತೇನೆ” ಎಂದು ವೈದ್ಯರಿಗೆ ತಪ್ಪದೆ ಹೇಳಿ. ಆ ಒಂದು ಮಾತು ಚಿಕಿತ್ಸೆ ಬೇಗ ಆರಂಭವಾಗಲು ನೆರವಾಗುತ್ತದೆ.

ನಾಯಿಯ ಮಲವನ್ನೂ ಹಗುರವಾಗಿ ಎಣಿಸಬೇಡಿ. ಅದು ಮೇವಿಗೆ ಬೆರೆತರೆ ನಿಯೋಸ್ಪೋರಾ ಎಂಬ ಪರಾವಲಂಬಿ ಜೀವಿಯಿಂದ ಹಸು ಕಂದು ಹಾಕಬಹುದು. 1988ರಲ್ಲಿ ಹೆಸರು ಪಡೆದ ಈ ಜೀವಿ ತಾಯಿಯಿಂದ ಗರ್ಭದ ಕರುವಿಗೂ ದಾಟುತ್ತದೆ. ಹಸು ಈದಾಗ ಬಿದ್ದ ಕಸವನ್ನು, ಸತ್ತ ಕರುವನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಬೇಕು ಎನ್ನುವುದು ಇದಕ್ಕಾಗಿಯೇ.

ಮೂರು ಕಡೆ, ಮೂರು ಬಗೆ

ಸಿರುಗುಪ್ಪ ಕಡೆಯ ಸದಸ್ಯರಿಗೆ: ನಿಮ್ಮದು ತುಂಗಭದ್ರಾ ಕಾಲುವೆ ನೀರಿನ ಭತ್ತದ ಸೀಮೆ. ಬದುಗಳಲ್ಲಿ ಹೆಗ್ಗಣ, ಗದ್ದೆಯಲ್ಲಿ ತೇವ, ರೋಗಾಣುವಿಗೆ ಅನುಕೂಲ. ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಹುಲ್ಲಿನ ಬಣವೆಗೆ ಬರುತ್ತವೆ. ಬಣವೆಯನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಒಟ್ಟಬೇಡಿ. ಕಲ್ಲು ಅಥವಾ ಕಟ್ಟಿಗೆಯ ಅಟ್ಟಣಿಗೆಯ ಮೇಲೆ ಒಟ್ಟಿರಿ. ಗದ್ದೆ, ಕಾಲುವೆಗಳಲ್ಲಿ ನಿಂತ ನೀರನ್ನು ರಾಸುಗಳಿಗೆ ಕುಡಿಸಬೇಡಿ.

ಕುರುಗೋಡು ಕಡೆಯವರಿಗೆ: ಗುಡ್ಡದಂಚಿನ ಹೊಲಗಳಲ್ಲಿ ನಾರಿನ ಹಿಕ್ಕೆ ಕಂಡರೆ ಮುಳ್ಳುಹಂದಿ ಬಂದಿದೆ. ಬೆಳೆಗೆ ಬೇಲಿ ಬಲಪಡಿಸಿ. ಕೊಟ್ಟಿಗೆಗೆ ಅದರಿಂದ ಅಂಜಿಕೆಯಿಲ್ಲ. ಜೋಳದ ಸೊಪ್ಪೆಯ ಬಣವೆಯ ಬುಡದಲ್ಲಿ ಇಲಿ ಬಿಲ ಇದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಬಳ್ಳಾರಿ ನಗರದಲ್ಲಿ ರಾಸು ಕಟ್ಟಿದವರಿಗೆ: ಚರಂಡಿ ಮತ್ತು ಕಸದ ರಾಶಿಯಿಂದ ಇಲಿ, ಹೆಗ್ಗಣ ಬರುತ್ತವೆ, ಬೀದಿನಾಯಿಯೂ ಬರುತ್ತದೆ. ಕೊಟ್ಟಿಗೆಯ ಮೋರಿಗೆ ಕಬ್ಬಿಣದ ಜಾಲರಿ ಹಾಕಿಸಿ. ರಾತ್ರಿ ಗೋದಲಿಯಲ್ಲಿ ಹಿಂಡಿ ಉಳಿಸಬೇಡಿ.

ಮಾಡಬೇಕಾದ್ದು

1. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಿ ಧೂಳೆಬ್ಬಿಸಬೇಡಿ. ಒಂದು ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೆಗೆದು ಹೂಳಿ. ಆಮೇಲೆ ಸಾಬೂನಿನಿಂದ ಕೈಕಾಲು ತೊಳೆಯಿರಿ.

2. ಪಶು ಆಹಾರದ ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಬಾಯಿ ತೆರೆದ ಚೀಲವನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಸುರಿಯಿರಿ.

3. ಹಿಕ್ಕೆ ಬೆರೆತ ಹಿಂಡಿ, ಬೂಸಾವನ್ನು ರಾಸಿಗೆ ಹಾಕಬೇಡಿ. ಉಳಿಸಿದ್ದು ಒಂದು ಸೇರು, ಕಳೆದುಕೊಳ್ಳುವುದು ಒಂದು ಕರು ಎಂದಾಗಬಾರದು.

4. ತೊಳೆದ ಹಾಲಿನ ಪಾತ್ರೆ, ಕ್ಯಾನುಗಳನ್ನು ನೆಲದಿಂದ ಎತ್ತರದಲ್ಲಿ ಬೋರಲು ಹಾಕಿ. ಮನೆಯಲ್ಲಿ ಹಾಲನ್ನು ಕಾಯಿಸಿಯೇ ಕುಡಿಯಿರಿ.

5. ಇಲಿಗೆ ಮೊದಲು ಬೋನು. ಜಿಂಕ್ ಫಾಸ್ಫೈಡ್ ಬಳಸಿದರೆ ಮೇವು, ನೀರಿನ ಬಳಿ ಎಂದೂ ಇಡಬೇಡಿ. ಹೊಟ್ಟೆಯ ಆಮ್ಲಕ್ಕೆ ಸೇರಿದಾಗ ಅದು ವಿಷಾನಿಲ ಬಿಡುತ್ತದೆ, ಅದಕ್ಕೆ ನೇರ ಪ್ರತಿವಿಷವಿಲ್ಲ. ಕೃಷಿ ಅಧಿಕಾರಿಯ ಸಲಹೆಯಂತೆ ಬಿಲದೊಳಗೆ ಮಾತ್ರ ಇಟ್ಟು, ಸತ್ತ ಇಲಿಗಳನ್ನು ಅಂದೇ ಹೂಳಿ.

6. ಸಂದೇಹವಿದ್ದರೆ ರಾತ್ರಿ ನೆಲಕ್ಕೆ ತೆಳುವಾಗಿ ಒಲೆಯ ಬೂದಿ ಉದುರಿಸಿ. ಬೆಳಿಗ್ಗೆ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಕಂಡರೆ ಇಲಿ ಎಂದು ಅನುಮಾನಿಸಿ, ಬೋನು ಇಟ್ಟು ಖಚಿತಪಡಿಸಿಕೊಳ್ಳಿ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

(ಅ) ಹಿಂಡಿ ಚೀಲದ ಹಿಂದೆ ಸಾಲಾಗಿ ಮೂವತ್ತು ಹಿಕ್ಕೆ, ತುದಿ ಚೂಪು, ಹೊಳೆಯುತ್ತಿವೆ. (ಆ) ಬಚ್ಚಲ ಬಳಿ ಒಂದೇ ಒಂದು, ಎರಡು ಸೆಂಟಿಮೀಟರ್, ಒಳಗೆ ಮಿನುಗುವ ಚೂರು. (ಇ) ಹಿತ್ತಲ ಗೋಡೆಯ ಮೇಲೆ, ಒಳಗೆ ಹಣ್ಣಿನ ಬೀಜಗಳು.

ಉತ್ತರ: (ಅ) ಇಲಿ, ಇಂದೇ ಬೋನು ಇಡಿ, ಚೀಲ ಎತ್ತಿಡಿ. (ಆ) ನೆಲಗಪ್ಪೆ, ಸುಮ್ಮನೆ ಬಿಡಿ. (ಇ) ಪುನುಗು ಬೆಕ್ಕು. ಅದನ್ನೂ ಬಿಡಿ, ಕೋಳಿಗೂಡಿನ ಬಾಗಿಲು ಮಾತ್ರ ಭದ್ರವಾಗಿರಲಿ.

ಈ ಪಾಠವನ್ನು ಓದಿ ಮುಗಿಸಿದ ಕೂಡಲೇ ಒಮ್ಮೆ ನಿಮ್ಮ ಮೇವಿನ ಕೋಣೆಗೆ ಹೋಗಿ, ಚೀಲಗಳ ಹಿಂದೆ ಬೆಳಕು ಹಾಕಿ ನೋಡಿ. ಓದಲು ಬಾರದ ನೆರೆಯ ಸದಸ್ಯರಿಗೆ ನಾಳೆ ಸಂಘದಲ್ಲಿ ಹಾಲು ಹಾಕುವಾಗ ಈ ವಿಷಯ ತಿಳಿಸಿ. ಇಲಿ ಒಂದು ಮನೆಯದಲ್ಲ, ಇಡೀ ಓಣಿಯದು. ಎಲ್ಲರೂ ಕೂಡಿ ಕೈ ಹಾಕಿದರೆ ಮಾತ್ರ ಅದು ಹತೋಟಿಗೆ ಬರುತ್ತದೆ.