ಇಂದಿನ ಧಮ್ಮ ಚಿಂತನೆ: ತಲೆ ತಗ್ಗಿಸದ ದಾನ





2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸ್ ದೇಶದ ಕರಾವಳಿಗೆ ಅಪ್ಪಳಿಸಿತು. 6000ಕ್ಕೂ ಹೆಚ್ಚು ಜನ ತೀರಿಕೊಂಡರು. ಟಾಕ್ಲೋಬಾನ್ ನಗರಕ್ಕೆ ಸಮುದ್ರವೇ ನುಗ್ಗಿ, ಬೀದಿಗಳ ತುಂಬ ಮುರಿದ ಮನೆ, ಮರ, ಕೆಸರು.

ನೆರವಿಗೆ ಹೋದವರಲ್ಲಿ ತೈವಾನಿನ ಬೌದ್ಧ ಸಂಸ್ಥೆ ತ್ಸು ಚಿಯ ಸ್ವಯಂಸೇವಕರೂ ಇದ್ದರು. 1966ರಲ್ಲಿ ಭಿಕ್ಖುಣಿ ಚೆಂಗ್ ಯೆನ್ ಕಟ್ಟಿದ ಸಂಸ್ಥೆ ಇದು. ಮೊದಲಿಗೆ 30 ಮಂದಿ ಗೃಹಿಣಿಯರು ತರಕಾರಿ ದುಡ್ಡಿನಲ್ಲಿ ದಿನವೂ ಒಂದಿಷ್ಟು ಚಿಲ್ಲರೆ ಉಳಿಸಿ ಬಿದಿರಿನ ಹುಂಡಿಗೆ ಹಾಕುತ್ತಿದ್ದರು.

ಟಾಕ್ಲೋಬಾನಿನಲ್ಲಿ ಇವರು ಊರವರನ್ನೇ ಕೆಲಸಕ್ಕೆ ಕರೆದರು. ಕಸ, ಕೆಸರು ತೆಗೆಯುವುದಕ್ಕೆ ದಿನಕ್ಕೆ 500 ಪೆಸೊ ಕೂಲಿ ಕೊಟ್ಟರು. ಅಲ್ಲಿನ ಸಾಮಾನ್ಯ ದಿನಗೂಲಿಗಿಂತ ಇದು ಹೆಚ್ಚು. ಸಾವಿರಾರು ಜನ ಸಲಿಕೆ ಹಿಡಿದು ತಮ್ಮ ಊರನ್ನು ತಾವೇ ಎತ್ತಿ ನಿಲ್ಲಿಸಿದರು. ಅವರಲ್ಲಿ ಬಹುಪಾಲು ಕ್ರೈಸ್ತರು. ಧರ್ಮ ಅಡ್ಡ ಬರಲಿಲ್ಲ.

ಬಿಟ್ಟಿ ಚಾಕರಿ ಏನೆಂದು ನಮ್ಮ ಹಿರಿಯರಿಗೆ ಗೊತ್ತು. ಮೇಲಿನಿಂದ ಎಸೆದ ತುತ್ತು ಏನೆಂದೂ ಗೊತ್ತು. ಎರಡೂ ಮನುಷ್ಯನನ್ನು ಕುಗ್ಗಿಸುತ್ತವೆ. ಬಾಬಾಸಾಹೇಬರು ಬೌದ್ಧ ಧಮ್ಮವನ್ನು ಮೆಚ್ಚಲು ಕೊಟ್ಟ ಕಾರಣ ಮೂರು: ಪ್ರಜ್ಞೆ, ಕರುಣೆ, ಸಮತೆ. ಮೂರೂ ಒಟ್ಟಿಗೆ ಇರಬೇಕು. ಸಮತೆ ಇಲ್ಲದ ಕರುಣೆ ಬರೀ ಕನಿಕರವಾಗುತ್ತದೆ.

2004ರ ಸುನಾಮಿ ಅಲೆ ಜಾತಿ ಕೇಳಲಿಲ್ಲ. ಆದರೆ ತಮಿಳುನಾಡಿನ ನಾಗಪಟ್ಟಿಣಂ ಕಡೆಯ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಬೇರೆ ಇಟ್ಟ ಸಂಗತಿಗಳನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಶವ ಎತ್ತಲು ಕರೆತಂದ ಪೌರಕಾರ್ಮಿಕರಲ್ಲೂ ಹೆಚ್ಚಿನವರು ನಮ್ಮವರೇ. ನೀರು ಇಳಿದರೂ ಜಾತಿ ಇಳಿಯಲಿಲ್ಲ.

ಆದ್ದರಿಂದ ನೆರೆ ಬಂದ ಊರಿಗೆ ಸೇವೆಗೆ ಹೋಗುವಾಗ ಅಕ್ಕಿಚೀಲದ ಜೊತೆ ಈ ಮೂರು ಪ್ರಶ್ನೆಗಳನ್ನೂ ಒಯ್ಯೋಣ:

1. ಪಟ್ಟಿಯಲ್ಲಿ ಬಿಟ್ಟುಹೋದ ಕೇರಿ ಯಾವುದು?
2. ಹೊಲಸು ಕೆಲಸ ಯಾರ ಪಾಲಿಗೆ ಬಿದ್ದಿದೆ? ಅವರಿಗೆ ಕೂಲಿ ಸಿಕ್ಕಿತೇ?
3. ಪಡೆಯುವವರು ತಲೆ ಎತ್ತಿ ಪಡೆಯುತ್ತಿದ್ದಾರೆಯೇ, ನಮ್ಮ ಫೋಟೋಗಾಗಿ ನಿಂತಿದ್ದಾರೆಯೇ?

ಮೊದಲನೆಯದಕ್ಕೆ ಪ್ರಜ್ಞೆ ಬೇಕು. ಎರಡನೆಯದಕ್ಕೆ ಸಮತೆ ಬೇಕು. ಮೂರನೆಯದಕ್ಕೆ ಕರುಣೆ ಬೇಕು.

*ಇಂದಿನ ಅಭ್ಯಾಸ:* ಮನೆಯಲ್ಲಿ ಒಂದು ಡಬ್ಬಿ ಇಡಿ. ದಿನಕ್ಕೆ ಒಂದು ರೂಪಾಯಿಯಾದರೂ ಸಾಕು, ಮಕ್ಕಳ ಕೈಯಿಂದಲೇ ಹಾಕಿಸಿ. ಅದು ಯಾರಿಗಾಗಿ ಎಂದು ಅವರಿಗೆ ಹೇಳಿ.

ಸಕಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏