ಸ್ವಾಮಿ ಬರುವ ದಿನ, ನಮ್ಮ ಲೆಕ್ಕದ ಪುಸ್ತಕ

ಓದಲು: ಆಮೋಸ 8:4-7, ಮತ್ತಾಯ 25:31-46, 2 ಥೆಸಲೋನಿಯರಿಗೆ 3:6-13



"ಲೋಕ ಮುಗಿಯೋ ಕಾಲ ಬಂತಂತೆ" ಎಂಬ ಮಾತು ಆಗಾಗ ನಮ್ಮ ಕಿವಿಗೆ ಬೀಳುತ್ತದೆ. 2012ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ಟಿ.ವಿ.ಯಲ್ಲೆಲ್ಲ ಸುದ್ದಿಯಾಗಿತ್ತು. ಆ ದಿನ ಬಂತು, ಹೋಯಿತು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತರು ಬರುತ್ತಾರೆಂದು ಕಾದು ಕುಳಿತರು. ಕೆಲವು ರೈತರು ಬೆಳೆದ ಬೆಳೆಯನ್ನೂ ಕೊಯ್ಯದೆ ಹೊಲದಲ್ಲೇ ಬಿಟ್ಟರು. ಮರುದಿನ ಬೆಳಗಾದಾಗ ಅವರಿಗೆ ಉಳಿದದ್ದು ಕಣ್ಣೀರು ಮಾತ್ರ.

"ಎಲ್ಲಾ ಮುಗಿಯೋದಾದ್ರೆ ಉಳಿತಾಯ ಯಾಕೆ, ಮಕ್ಕಳ ಓದು ಯಾಕೆ?" ಎಂದು ಸಂಘದಲ್ಲಿ ಯಾರಾದರೂ ಕೇಳಿದರೆ ನಾವೇನು ಹೇಳೋಣ? ಬೈಬಲ್ ಏನು ಹೇಳುತ್ತದೆ, ನೋಡೋಣ.

ಪ್ರವಾದಿ ಅಂದ್ರೆ ಯಾರು?

ಪ್ರವಾದಿ ಎಂದರೆ ಶಾಸ್ತ್ರ ಹೇಳುವವನಲ್ಲ. ದೇವರ ಮಾತನ್ನು ಜನರ ಮುಂದೆ ಅಂಜದೆ ಹೇಳುವವನು. ಆಮೋಸ ಕುರಿ ಕಾಯುತ್ತಿದ್ದವರು, ಅತ್ತಿಹಣ್ಣಿನ ಕೃಷಿ ಮಾಡುತ್ತಿದ್ದವರು. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಇಸ್ರಯೇಲ್ ನಾಡು ಶ್ರೀಮಂತವಾಗಿತ್ತು. ಹಬ್ಬ, ಬಲಿ, ಹಾಡು ಜೋರಾಗಿದ್ದವು. ಆದರೆ ವ್ಯಾಪಾರಿಗಳು ಅಳತೆಯನ್ನು ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡುತ್ತಿದ್ದರು. ಜೊಳ್ಳು ಧಾನ್ಯವನ್ನೂ ಮಾರುತ್ತಿದ್ದರು. ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವರನ್ನೇ ಕೊಳ್ಳುತ್ತಿದ್ದರು. ಬಡವರು ಅಡವಿಟ್ಟ ಬಟ್ಟೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕೆಂಬ ಧರ್ಮಶಾಸ್ತ್ರವನ್ನೂ ಮರೆತಿದ್ದರು. ಇದನ್ನು ದೇವರು ಮರೆಯುವುದಿಲ್ಲ ಎಂದು ಆಮೋಸರು ಸಾರಿದರು.

ನೋಡಿ, ತೀರ್ಪಿನ ಮಾತು ಶುರುವಾದದ್ದೇ ತಕ್ಕಡಿ, ಸಾಲ, ಅಡವುಗಳಿಂದ! ಮೋಸ ಮಾಡಿದವರಿಗೆ ಇದು ಎಚ್ಚರಿಕೆ. ಮೋಸಹೋದವರಿಗೋ, ನಮ್ಮ ದೂರನ್ನು ಕೇಳುವವರೊಬ್ಬರಿದ್ದಾರೆ ಎಂಬ ಧೈರ್ಯ. ಆಮೋಸರ ಗ್ರಂಥವೂ ಶಿಕ್ಷೆಯಲ್ಲಿ ಮುಗಿಯದೆ, ಬಿದ್ದ ಗುಡಾರವನ್ನು ದೇವರು ಮತ್ತೆ ಎತ್ತಿ ಕಟ್ಟುವ ಭರವಸೆಯಲ್ಲಿ ಮುಗಿಯುತ್ತದೆ.

ಕೊನೆಯ ದಿನದ ಪ್ರಶ್ನೆಗಳು

ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದ್ದಾರೆ (ಮಾರ್ಕ 13:32). ಆದ್ದರಿಂದ ತಾರೀಕು ಹೇಳುವವರ ಮಾತಿಗೆ ಹೆದರಬೇಕಿಲ್ಲ. ದಿನವನ್ನು ತಿಳಿಸದಿದ್ದರೂ, ಅಂದು ಕೇಳುವ ಪ್ರಶ್ನೆಗಳನ್ನು ಅವರು ಮೊದಲೇ ತಿಳಿಸಿಬಿಟ್ಟಿದ್ದಾರೆ. ಹಸಿದವರಿಗೆ ಊಟ ಕೊಟ್ಟೆಯಾ? ಬಾಯಾರಿದವರಿಗೆ ನೀರು? ಪರಸ್ಥಳದವರಿಗೆ ಆಶ್ರಯ? ಬಟ್ಟೆಯಿಲ್ಲದವರಿಗೆ ಬಟ್ಟೆ? ರೋಗಿಯನ್ನು, ಸೆರೆಯಲ್ಲಿದ್ದವರನ್ನು ನೋಡಲು ಹೋದೆಯಾ? ಅತಿ ಚಿಕ್ಕವರಿಗೆ ಮಾಡಿದ್ದೆಲ್ಲ ಸ್ವಾಮಿಗೇ ಮಾಡಿದಂತೆ. ಇಲ್ಲಿ ಒಂದು ವಿಷಯ ಗಮನಿಸಿ: ಬಲಗಡೆ ನಿಂತವರಿಗೂ ತಾವು ಸ್ವಾಮಿಗೆ ಸಹಾಯ ಮಾಡಿದ್ದೇವೆಂದು ಗೊತ್ತಿರಲಿಲ್ಲ. ಲಾಭ ನೋಡಿ ಮಾಡಿದ ಕೆಲಸ ಅದಾಗಿರಲಿಲ್ಲ.

ಕಾಯುವುದು ಅಂದ್ರೆ ಕೈಕಟ್ಟಿ ಕೂರೋದಲ್ಲ

ಥೆಸಲೋನಿಕದ ಕ್ರೈಸ್ತರಲ್ಲಿ ಪ್ರಭುವಿನ ದಿನ ಬಂದೇಬಿಟ್ಟಿತು ಎಂಬ ಗಾಳಿಸುದ್ದಿ ಹಬ್ಬಿ ಗಾಬರಿಯಾಗಿತ್ತು. ಕೆಲವರು ದುಡಿಮೆ ಬಿಟ್ಟು ಅಲೆಯುತ್ತಿದ್ದರು. ಗುಡಾರ ಹೊಲಿದು ಬದುಕುತ್ತಿದ್ದ ಸಂತ ಪೌಲರು, ಗಾಬರಿಯಾಗಬೇಡಿ, ಶಾಂತಿಯಿಂದ ದುಡಿಯಿರಿ, ಒಳ್ಳೆಯದನ್ನು ಮಾಡಲು ಬೇಸರಪಡಬೇಡಿ ಎಂದು ತಿಳಿಹೇಳಿದರು. ನೆಂಟರು ಬರ್ತಾರೆ ಅಂದರೆ ನಾವು ಮನೆ ಗುಡಿಸಿ, ನೀರು ತುಂಬಿಸಿ, ಒಲೆ ಹಚ್ಚುತ್ತೇವೆ, ಅಲ್ವಾ? ಕ್ರಿಸ್ತರ ಪುನರಾಗಮನಕ್ಕೆ ಕಾಯುವುದೂ ಹಾಗೆಯೇ. ಆಗಮನ ಕಾಲದ ನಾಲ್ಕು ವಾರ ಧರ್ಮಸಭೆ ನಮಗೆ ಕಲಿಸುವುದೂ ಇದನ್ನೇ. ವಾರದ ಉಳಿತಾಯ, ಸರಿಯಾದ ಲೆಕ್ಕ, ಮಗಳ ಓದು, ಇವೆಲ್ಲ ಆ ಸಿದ್ಧತೆಯ ಭಾಗ.

ಸಂಘದಲ್ಲಿ ಚರ್ಚಿಸಿ

1. ಕಾಯಿಲೆಯಿಂದ ಕಂತು ಕಟ್ಟಲಾಗದ ಸದಸ್ಯೆಯೊಂದಿಗೆ ನಾವು ಹೇಗೆ ಮಾತಾಡ್ತೇವೆ?
2. ತರಕಾರಿ, ಮೀನು, ಹಾಲು ಮಾರುವಾಗ ನಮ್ಮ ಅಳತೆ ಸರಿ ಇದೆಯಾ?
3. ಸಂಘಕ್ಕೆ ಸೇರಲೂ ಆಗದಷ್ಟು ಬಡವರಾದ ಅಕ್ಕತಂಗಿಯರು ನಮ್ಮ ಕೇರಿಯಲ್ಲಿ ಯಾರಿದ್ದಾರೆ?

ಈ ತಿಂಗಳ ನಿರ್ಧಾರ

ಮೂರನೇ ಪ್ರಶ್ನೆಗೆ ಬಂದ ಹೆಸರುಗಳಲ್ಲಿ ಒಬ್ಬರ ಮನೆಗೆ ಇಬ್ಬರು ಸದಸ್ಯೆಯರು ಹೋಗಿ ಬರಲಿ. ಅವರ ಕಷ್ಟ ಕೇಳಿ, ಮುಂದಿನ ಸಭೆಯಲ್ಲಿ ಏನು ಮಾಡಬಹುದೆಂದು ತೀರ್ಮಾನಿಸಿ.

ಪ್ರಾರ್ಥನೆ: ಪ್ರಭುವೇ, ನೀವು ಬರುವಾಗ ನಮ್ಮ ಕೈಗಳು ಕೆಲಸದಲ್ಲಿರಲಿ, ನಮ್ಮ ತಕ್ಕಡಿ ನೇರವಾಗಿರಲಿ, ನಮ್ಮ ಬಾಗಿಲು ತೆರೆದಿರಲಿ. ಆಮೆನ್.